ಟರ್ಬೊ ಕಾರಿಗೆ ಗ್ಯಾಸ್ ಕಿಟ್ ಒಗ್ಗುತ್ತದೆಯೇ?

ಪ್ರಶ್ನೆ: ನನ್ನದು 200 ಕುದುರೆಶಕ್ತಿಯ ಟರ್ಬೊ ಪೆಟ್ರೋಲ್ ಕಾರು. ಎಲ್‌ಪಿಜಿ ಕಿಟ್ ಹಾಕಿಸಿದರೆ ಓಟದ ಗತ್ತು ಹೋಗುತ್ತದೆಯೇ, ಸರ್?

ಉತ್ತರ: ಕಿಟ್ ಸರಿಯಾದದ್ದಾದರೆ ಹೋಗುವುದಿಲ್ಲ. ಎಲ್‌ಪಿಜಿಯ ಆಕ್ಟೇನ್ (ಇಂಧನ ಹೊತ್ತಿಗೆ ಮುಂಚೆ ತಾನಾಗಿ ಹೊತ್ತಿಕೊಳ್ಳದಿರುವ ಗುಣದ ಅಳತೆ) 100ಕ್ಕಿಂತ ಹೆಚ್ಚು. ಹಾಗಾಗಿ ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಏರಿದಾಗ ಎಂಜಿನ್ ಬಡಿದುಕೊಳ್ಳುವ ಭಯ ಪೆಟ್ರೋಲಿಗಿಂತ ಕಡಿಮೆ.

ನಾನು ಮೊದಲು ನೋಡುವುದು ರೆಡ್ಯೂಸರನ್ನು. ಎಂಜಿನ್ ತಂಪಾಗಿಸುವ ಕೂಲಂಟ್‌ನ ಬಿಸಿಯಿಂದ ದ್ರವ ಎಲ್‌ಪಿಜಿಯನ್ನು ಅನಿಲ ಮಾಡುವ ಭಾಗ ಅದು. ಚಿಕ್ಕ ಎಂಜಿನ್ನಿನ ರೆಡ್ಯೂಸರ್ ನಿಮ್ಮ ಕಾರಿಗೆ ಹಾಕಿದರೆ, ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಗ್ಯಾಸಿನ ಒತ್ತಡ ಕುಸಿದು ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಗ್ಯಾಸ್ ಸಿಗುವುದಿಲ್ಲ. ಪಿಸ್ಟನ್, ವಾಲ್ವ್ ಸುಡುವುದು ಆಗಲೇ. ಕುದುರೆಶಕ್ತಿಯ ಲೆಕ್ಕ ಹೇಳಿಯೇ ಕೊಳ್ಳಿ. ಒಳಹೋಗುವ ಗಾಳಿಗೇ ಗ್ಯಾಸ್ ಬೆರೆಸುವ ಹಳೆಯ ಮಿಕ್ಸರ್ ಕಿಟ್ ಬೇಡವೇ ಬೇಡ, ಬ್ಯಾಕ್‌ಫೈರ್ ಆದರೆ (ಬೆಂಕಿ ಹಿಂದಕ್ಕೆ ಸಿಡಿದರೆ) ಗಾಳಿ ಒಯ್ಯುವ ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ಒಡೆಯುತ್ತದೆ. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಇಂಜೆಕ್ಟರ್ ಇರುವ ಸೀಕ್ವೆನ್ಷಿಯಲ್ ಕಿಟ್ಟೇ ಇರಲಿ.

ನಿಮ್ಮದು ಪೆಟ್ರೋಲನ್ನು ನೇರ ಸಿಲಿಂಡರಿನೊಳಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ಆಗಿದ್ದರೆ ಅದಕ್ಕೆಂದೇ ಮಾಡಿದ ಕಿಟ್ ಬೇಕು. ಪೆಟ್ರೋಲ್ ಇಂಜೆಕ್ಟರ್‌ಗಳು ಅತಿಯಾಗಿ ಬಿಸಿಯಾಗದಂತೆ ಇಂಥ ಹಲವು ಕಿಟ್‌ಗಳು ಗ್ಯಾಸಿನ ಜೊತೆ ಸ್ವಲ್ಪ ಪೆಟ್ರೋಲನ್ನೂ ಬಿಡುತ್ತವೆ.

ಗ್ಯಾಸಿನಲ್ಲಿ ಲೀಟರಿಗೆ ಮೈಲೇಜ್ ಸುಮಾರು ಐದರಲ್ಲೊಂದು ಪಾಲು ಇಳಿಯುತ್ತದೆ. ಟ್ಯಾಂಕನ್ನು ಶೇ. 80ರಷ್ಟೇ ತುಂಬಬೇಕು, ಅದು ಸುರಕ್ಷತೆಯ ನಿಯಮ. ವಾಲ್ವ್ ಸೀಟ್ (ವಾಲ್ವ್ ಕೂರುವ ಅಂಚು) ಮೆತ್ತಗಿನ ಲೋಹದ್ದಾದರೆ ಗ್ಯಾಸಿನಲ್ಲಿ ಬೇಗ ಸವೆಯುತ್ತದೆ. ಮುಂದೆ ಸವೆತ ಹೋಲಿಸಿ ನೋಡಲು, ಕಿಟ್ ಕೂರಿಸುವ ಮೊದಲೇ ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) ಅಳೆಸಿ ಬರೆದಿಟ್ಟುಕೊಳ್ಳಿ.