ರಕ್ಕಸನ ಕತೆಯಲ್ಲಿ ಮುರಿಯದೆ ಉಳಿದ ಒಂದು ನಿಯಮ

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ. ಕಿನ್ನರ ಕತೆಯ ಧಾಟಿಯಲ್ಲಿರುವ ಒಂದು ಹಾಸ್ಯ ಸಿನಿಮಾದ ಕಥಾಹಂದರವನ್ನು ವಿಶ್ಲೇಷಣೆ ಮಾಡಿ ಬರೆಯಬೇಕಿತ್ತು. ನಾನು ‘ಶ್ರೆಕ್’ ಆರಿಸಿಕೊಂಡೆ. ನಾಟಕದ ಹಾಗೆ ಶುರು, ನಡು, ಕೊನೆ ಅಂತ ಮೂರು ಅಂಕಗಳಾಗಿ ಭಾಗ ಮಾಡಿ ಆರು ಪುಟ ಬರೆದೆ. ‘ಇದು ಬರೀ ಕತೆ ಹೇಳಿದ ಹಾಗಿದೆ, ವಿಶ್ಲೇಷಣೆ ಎಲ್ಲಿದೆ?’ ಅಂತ ಮೇಷ್ಟ್ರು ವಾಪಸ್ ಕೊಟ್ಟರು. ಇನ್ನೇನು ಬರೆಯಬೇಕಿತ್ತು ಸರ್?

ಉತ್ತರ: ಮೂರು ಅಂಕ ಮಾಡಿದ್ದು ತಪ್ಪಲ್ಲ. ಆದರೆ ಆ ಅಳತೆ ಎಲ್ಲ ಸಿನಿಮಾಕ್ಕೂ ಒಪ್ಪುತ್ತದೆ. ಒಂದು ಪತ್ತೇದಾರಿ ಕತೆಯನ್ನೂ ಹಾಗೇ ಮೂರು ತುಂಡು ಮಾಡಬಹುದು. ನಿಮ್ಮ ಮೇಷ್ಟ್ರು ಕೇಳಿದ್ದು ಬೇರೆ ಅನಿಸುತ್ತದೆ. ಇದು ಕಿನ್ನರ ಕತೆ ಆಗಿರುವುದರಿಂದ, ಅದರಲ್ಲೂ ನಗಿಸುವ ಕಿನ್ನರ ಕತೆ ಆಗಿರುವುದರಿಂದ, ಹಂದರದಲ್ಲಿ ಏನು ಬದಲಾಗಿದೆ? ಅದನ್ನು ಹೇಳಿದರೆ ವಿಶ್ಲೇಷಣೆ ಆಯಿತು.

ಸಿನಿಮಾ ನೋಡದವರಿಗಾಗಿ ಕತೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 2001ರಲ್ಲಿ ಬಂದ ಅನಿಮೇಷನ್ ಚಿತ್ರ ಇದು. ಆಂಡ್ರ್ಯೂ ಆಡಮ್ಸನ್ ಮತ್ತು ವಿಕಿ ಜೆನ್ಸನ್ ನಿರ್ದೇಶಿಸಿದ್ದರು. ಶ್ರೆಕ್ ಅನ್ನುವ ಹಸಿರು ರಕ್ಕಸ ಜೌಗು ನೆಲದಲ್ಲಿ ಒಬ್ಬನೇ ಇರುತ್ತಾನೆ. ಫಾರ್ಕ್ವಾಡ್ ಅನ್ನುವ ಕುಳ್ಳ ದೊರೆ ಕಿನ್ನರ ಕತೆಗಳ ಪಾತ್ರಗಳನ್ನೆಲ್ಲ ಹಿಡಿದು ತಂದು ಅಲ್ಲಿ ಬಿಡುತ್ತಾನೆ. ‘ನನ್ನ ಜಾಗ ನನಗೆ ಬಿಟ್ಟುಕೊಡು’ ಅಂತ ಕೇಳಲು ಹೋದವನಿಗೆ ದೊರೆ ಒಂದು ಕೆಲಸ ಒಪ್ಪಿಸುತ್ತಾನೆ. ಡ್ರ್ಯಾಗನ್ ಕಾಯುವ ಗೋಪುರದಿಂದ ಫಿಯೋನಾ ರಾಜಕುಮಾರಿಯನ್ನು ತರಬೇಕು, ದೊರೆ ಅವಳನ್ನು ಮದುವೆಯಾಗುತ್ತಾನೆ. ಬಾಯಿ ಮುಚ್ಚದ ಒಂದು ಕತ್ತೆಯ ಜೊತೆ ಶ್ರೆಕ್ ಹೊರಡುತ್ತಾನೆ. ತರುತ್ತಾನೆ. ದಾರಿಯಲ್ಲಿ ಇಬ್ಬರಿಗೂ ಪ್ರೀತಿ ಹುಟ್ಟುತ್ತದೆ. ಫಿಯೋನಾಗೆ ಒಂದು ಶಾಪ ಇದೆ: ಹಗಲು ಒಂದು ರೂಪ, ರಾತ್ರಿ ರಕ್ಕಸಿ.

ಈ ಬಗೆಯ ಸಿನಿಮಾದಲ್ಲಿ ಒಟ್ಟಿಗೆ ಎರಡು ಕತೆ ನಡೆಯುತ್ತವೆ. ಒಂದು ಪರದೆಯ ಮೇಲೆ, ಇನ್ನೊಂದು ನೋಡುವವರ ತಲೆಯೊಳಗೆ. ‘ಗೋಪುರದಲ್ಲಿ ಒಬ್ಬಳು ರಾಜಕುಮಾರಿ’ ಅಂದ ಕೂಡಲೇ ಮುಂದಿನದು ನಮಗೆ ಗೊತ್ತು, ಅಲ್ವಾ? ನಿರ್ದೇಶಕರಿಗೂ ಗೊತ್ತು, ನಮಗೆ ಗೊತ್ತಿದೆ ಅಂತ. ಆದ್ದರಿಂದ ಶುರುವಿನಲ್ಲೇ ತಲೆಯೊಳಗಿನ ಕತೆಯನ್ನು ಎತ್ತಿ ಕಣ್ಣಮುಂದೆ ಇಡುತ್ತಾರೆ. ಒಂದು ಚೆಂದದ ಪುಸ್ತಕ ತೆರೆದುಕೊಳ್ಳುತ್ತದೆ. ಶಾಪ, ಗೋಪುರ, ಡ್ರ್ಯಾಗನ್, ನಿಜವಾದ ಪ್ರೀತಿಯ ಮೊದಲ ಮುತ್ತು, ಎಲ್ಲವನ್ನೂ ಒಂದು ದನಿ ಓದುತ್ತದೆ. ಓದುತ್ತಿರುವವನು ಶ್ರೆಕ್. ಓದಿ ನಗುತ್ತಾನೆ, ಪುಟ ಹರಿಯುತ್ತಾನೆ. ಅವನು ಕೂತಿರುವುದು ಪಾಯಿಖಾನೆಯಲ್ಲಿ, ಆ ಪುಟ ಯಾವ ಕೆಲಸಕ್ಕೆ ಬಂತು ಅಂತ ಬಿಡಿಸಿ ಹೇಳಬೇಕಿಲ್ಲ. ಆ ನಗುವಿನಲ್ಲಿ ಒಂದು ವಿಷಯ ಮರೆಯುವುದು ಸುಲಭ. ಹರಿದ ಪುಟದಲ್ಲಿ ಇದ್ದದ್ದು ಅವನದೇ ಕತೆ. ಮುಂದೆ ಅದರ ಒಂದೊಂದು ಸಾಲೂ ಅವನ ಬದುಕಲ್ಲಿ ನಡೆಯುತ್ತದೆ.

ನೀವು ಒಂದು ಕೆಲಸ ಮಾಡಿ. ಹಾಳೆಯ ಮಧ್ಯೆ ಗೆರೆ ಎಳೆಯಿರಿ. ಎಡಕ್ಕೆ ಅಜ್ಜಿಕತೆಯ ನಿಯಮಗಳು, ಬಲಕ್ಕೆ ಸಿನಿಮಾ ಆ ನಿಯಮವನ್ನು ಏನು ಮಾಡಿತು ಅನ್ನುವುದು. ರಾಜಕುಮಾರಿಯನ್ನು ಮುತ್ತಿಟ್ಟು ಎಬ್ಬಿಸಬೇಕು. ಫಿಯೋನಾ ಹೂಗುಚ್ಛ ಹಿಡಿದು, ತುಟಿ ಮುಂದೆ ಮಾಡಿ ಮಲಗಿರುತ್ತಾಳೆ, ಶ್ರೆಕ್ ಭುಜ ಹಿಡಿದು ಗಡಗಡ ಅಲ್ಲಾಡಿಸುತ್ತಾನೆ. ವೀರ ಡ್ರ್ಯಾಗನ್ನನ್ನು ಕೊಲ್ಲಬೇಕು; ಇಲ್ಲಿ ಡ್ರ್ಯಾಗನ್ ಹೆಣ್ಣು, ಅದಕ್ಕೆ ಕತ್ತೆಯ ಮೇಲೆ ಮನಸ್ಸಾಗುತ್ತದೆ. ರಾಜಕುಮಾರಿ ಹಾಡಿದರೆ ಹಕ್ಕಿ ದನಿಗೂಡಿಸಬೇಕು. ಫಿಯೋನಾಳ ತಾರಕ ತಾಳಲಾರದೆ ಹಕ್ಕಿ ಸಿಡಿದು ಹೋಗುತ್ತದೆ. ಮುಂದಿನ ಸೀನಿನಲ್ಲಿ ಅದರ ಗೂಡಿನ ಮೊಟ್ಟೆ ಬೇಯುತ್ತಿರುತ್ತವೆ.

ಹೀಗೆ ಬರೆಯುತ್ತಾ ಹೋದರೆ ಬಲಗಡೆ ಪೂರ್ತಿ ‘ಮುರಿಯಿತು, ಮುರಿಯಿತು’ ಅಂತಲೇ ತುಂಬುತ್ತದೆ. ತುಂಬಾ ಜನ ಇಲ್ಲೇ ನಿಲ್ಲಿಸಿ, ‘ಈ ಚಿತ್ರ ಕಿನ್ನರ ಕತೆಗಳನ್ನು ತಲೆಕೆಳಗು ಮಾಡುತ್ತದೆ’ ಅಂತ ಬರೆದು ಮುಗಿಸಿಬಿಡುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಪಟ್ಟಿಯ ಕೊನೆಯವರೆಗೂ ಹೋಗಿ ನೋಡಿ. ಒಂದು ನಿಯಮ ಮಾತ್ರ ಮುರಿದಿಲ್ಲ. ‘ನಿಜವಾದ ಪ್ರೀತಿಯ ಮೊದಲ ಮುತ್ತಿನಿಂದ ಶಾಪ ಕಳೆಯುತ್ತದೆ, ಆಮೇಲೆ ಪ್ರೀತಿಯ ನಿಜರೂಪ ಉಳಿಯುತ್ತದೆ.’ ಇದು ಅಕ್ಷರಕ್ಕೆ ಅಕ್ಷರ ನಡೆಯುತ್ತದೆ. ಮುತ್ತು ಸಿಗುತ್ತದೆ, ಬೆಳಕು ಬರುತ್ತದೆ, ಶಾಪ ಕಳೆಯುತ್ತದೆ. ಬೆಳಕು ಇಳಿದಾಗ ಅವಳು ರಕ್ಕಸಿಯಾಗಿಯೇ ಇದ್ದಾಳೆ. ಶಾಪದ ಮಾತಿನಲ್ಲಿ ‘ಸುಂದರಿ’ ಅನ್ನುವ ಪದ ಎಲ್ಲೂ ಇರಲಿಲ್ಲ. ಅದನ್ನು ಸೇರಿಸಿಕೊಂಡದ್ದು ಅವಳು, ನಾವು.

ನನ್ನ ಪ್ರಕಾರ ಇಡೀ ಹಂದರ ನಿಂತಿರುವುದು ಇದರ ಮೇಲೆ. ಸಿನಿಮಾ ಚಿಕ್ಕ ನಿಯಮಗಳನ್ನು ಮುರಿದು ನಗಿಸುತ್ತದೆ, ದೊಡ್ಡ ನಿಯಮವನ್ನು ಉಳಿಸಿ ನಂಬಿಸುತ್ತದೆ. ಅದನ್ನೂ ಮುರಿದಿದ್ದರೆ ಕೊನೆಗೆ ಕೈಯಲ್ಲಿ ಬರೀ ಜೋಕು ಉಳಿಯುತ್ತಿತ್ತು.

ನಿಮ್ಮ ಲೇಖನಕ್ಕೆ ಇನ್ನೂ ಎರಡು ವಿಷಯ ಸೇರಿಸಬಹುದು.

ಮೊದಲನೆಯದು, ರಾಜಕುಮಾರಿಯನ್ನು ಬಿಡಿಸುವ ಘಟನೆ ಎಲ್ಲಿ ಬರುತ್ತದೆ ನೋಡಿ. ಸುಮಾರು 90 ನಿಮಿಷದ ಸಿನಿಮಾದಲ್ಲಿ ಅರ್ಧ ದಾಟುವ ಮೊದಲೇ ಅವಳು ಗೋಪುರದಿಂದ ಹೊರಗಿದ್ದಾಳೆ. ಅಜ್ಜಿಕತೆಯಲ್ಲಿ ಅಷ್ಟು ಹೊತ್ತಿಗೆ ಕತೆ ಮುಗಿಯಿತು ಅಂತಲೇ ಲೆಕ್ಕ. ‘ಬಿಡಿಸಿಕೊಂಡು ಬಂದ, ಮದುವೆಯಾದ, ಸುಖವಾಗಿದ್ದರು.’ ಬಿಡಿಸಿದ್ದಕ್ಕೂ ಮದುವೆಗೂ ನಡುವೆ ಆ ಇಬ್ಬರು ಏನು ಮಾತಾಡಿಕೊಂಡರು? ದಾರಿಯಲ್ಲಿ ಎಲ್ಲಿ ಮಲಗಿದರು, ಏನು ತಿಂದರು? ಅಜ್ಜಿಕತೆ ಅದನ್ನು ಒಂದು ಅಲ್ಪವಿರಾಮದಲ್ಲಿ ದಾಟಿಬಿಡುತ್ತದೆ. ಈ ಸಿನಿಮಾ ಆ ಅಲ್ಪವಿರಾಮವನ್ನೇ ಹಿಗ್ಗಿಸಿ, ಪ್ರೀತಿ ಹುಟ್ಟುವುದನ್ನು ಪೂರ್ತಿ ಅದರೊಳಗೆ ಇಟ್ಟಿದೆ. ಮೂರು ಅಂಕದ ಲೆಕ್ಕದಲ್ಲಿ ಅದು ಬರೀ ‘ಎರಡನೇ ಅಂಕದ ಉತ್ತರಾರ್ಧ’. ಅಜ್ಜಿಕತೆಯ ಪಕ್ಕದಲ್ಲಿಟ್ಟು ನೋಡಿದಾಗಲೇ ಇದು ಎಷ್ಟು ಹೊಸದು ಅಂತ ಗೊತ್ತಾಗುವುದು.

ಎರಡನೆಯದು, ಪಾತ್ರಗಳ ಕೆಲಸ. ರಷ್ಯಾದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ನೂರು ರಷ್ಯನ್ ಮಾಯಾಕತೆಗಳನ್ನು ಬಿಡಿಸಿ, ಅವುಗಳಲ್ಲಿ ಒಂದೇ ಕ್ರಮದಲ್ಲಿ ಬರುವ 31 ಘಟಕಗಳನ್ನೂ (ಪಾತ್ರಗಳು ಮಾಡುವ ಕ್ರಿಯೆಗಳು) ಏಳು ಬಗೆಯ ಪಾತ್ರಗಳನ್ನೂ ಗುರುತಿಸಿದರು. ಅದರಲ್ಲಿ ನಾಯಕನನ್ನು ಕೆಲಸಕ್ಕೆ ಕಳಿಸುವವನು ಒಬ್ಬ, ಕೇಡಿಗ ಒಬ್ಬ, ನಾಯಕ ಪಟ್ಟ ಕಷ್ಟದ ಫಲವನ್ನು ತನ್ನದು ಅನ್ನುವ ಸುಳ್ಳು ನಾಯಕ ಒಬ್ಬ. ಫಾರ್ಕ್ವಾಡ್ ಈ ಮೂರೂ ಹೌದು. ಶ್ರೆಕ್‌ನನ್ನು ಕಳಿಸುವವನು ಅವನು. ಪಾತ್ರಗಳನ್ನು ಊರು ಬಿಡಿಸಿದವನೂ ಅವನೇ. ಬೆಂಕಿ ದಾಟಿ ಬಂದದ್ದು ಶ್ರೆಕ್ ಆದರೂ ಮದುಮಗನಾಗಿ ನಿಲ್ಲುವವನು ಅವನು. ಒಬ್ಬನೇ ಮೂವರ ಕೆಲಸ ಮಾಡಬಹುದು ಅಂತ ಪ್ರಾಪ್ ಅವರೇ ಹೇಳಿದ್ದರು. ಮೂರೂ ಎಳೆ ಅವನಲ್ಲೇ ಗಂಟು ಬಿದ್ದಿರುವುದರಿಂದ ಕ್ಲೈಮ್ಯಾಕ್ಸಿನಲ್ಲಿ ಆ ಒಂದು ಗಂಟು ಬಿಚ್ಚಿದರೆ ಸಾಕು. ಡ್ರ್ಯಾಗನ್ ಅವನನ್ನು ನುಂಗುತ್ತದೆ, ಮೂರೂ ಸಮಸ್ಯೆ ಅಲ್ಲಿಗೆ ಮುಗಿದವು. ಚಿತ್ರ ಇಷ್ಟು ಬಿಗಿಯಾಗಿರುವುದಕ್ಕೆ ಇದೂ ಒಂದು ಕಾರಣ. ಆದರೆ 31 ಘಟಕಗಳನ್ನೂ ಒಂದೊಂದಾಗಿ ಸಿನಿಮಾದಲ್ಲಿ ಹುಡುಕಲು ಹೋಗಬೇಡಿ. ಮತ್ತೆ ಆರು ಪುಟ ಆಗುತ್ತದೆ, ಮತ್ತೆ ವಾಪಸ್ ಬರುತ್ತದೆ.

ಪ್ರಶ್ನೆ: ಅದೇ ಚಿತ್ರದ ಬಗ್ಗೆ ನನ್ನದೊಂದು ತಕರಾರು ಇದೆ. ಗಾಳಿಗಿರಣಿಯೊಳಗೆ ಫಿಯೋನಾ ಕತ್ತೆಗೆ ತನ್ನ ಶಾಪದ ಗುಟ್ಟು ಹೇಳುವಾಗ, ಬಾಗಿಲಲ್ಲಿ ನಿಂತು ಶ್ರೆಕ್ ಅರ್ಧ ಮಾತು ಕೇಳಿಸಿಕೊಂಡು ತಪ್ಪು ತಿಳಿಯುತ್ತಾನೆ. ಅಲ್ಲಿಂದ ಎಲ್ಲ ಕೆಡುತ್ತದೆ. ಧಾರಾವಾಹಿಗಳಲ್ಲಿ ದಿನಾ ನೋಡುವ ಸವಕಲು ತಂತ್ರ ಇದು. ಇಷ್ಟು ಒಳ್ಳೆಯ ಚಿತ್ರಕ್ಕೆ ಇದು ಬೇಕಿತ್ತಾ ಮೇಷ್ಟ್ರೇ?

ಉತ್ತರ: ತಂತ್ರ ಹಳೆಯದು, ನಿಜ. ಆದರೆ ಇಲ್ಲಿ ಅದನ್ನು ಕೂರಿಸಿರುವ ರೀತಿ ನೋಡಿದರೆ ನಿಮ್ಮ ತಕರಾರು ಸ್ವಲ್ಪ ಕಡಿಮೆ ಆಗಬಹುದು.

ಗಾಳಿಗಿರಣಿಗಿಂತ ಮೊದಲು ಇನ್ನೊಂದು ರಾತ್ರಿ ಬರುತ್ತದೆ, ನೆನಪಿದೆಯಾ? ಫಿಯೋನಾ ಗುಹೆಯಲ್ಲಿ ಮಲಗುತ್ತಾಳೆ, ಮರದ ತೊಗಟೆಯೇ ಬಾಗಿಲು. ಹೊರಗೆ ಶ್ರೆಕ್ ಮತ್ತು ಕತ್ತೆ ಆಕಾಶ ನೋಡುತ್ತಾ ಮಲಗಿದ್ದಾರೆ. ಜನ ತನ್ನನ್ನು ಅರಿಯುವ ಮೊದಲೇ ತೀರ್ಮಾನ ಮಾಡಿಬಿಡುತ್ತಾರೆ, ಅದಕ್ಕೇ ಒಂಟಿಯಾಗಿರುವುದೇ ವಾಸಿ ಅಂತ ಶ್ರೆಕ್ ಮನಸ್ಸು ಬಿಚ್ಚುತ್ತಾನೆ. ಬಾಗಿಲ ಸಂದಿಯಿಂದ ಫಿಯೋನಾ ಅದನ್ನು ಕೇಳಿಸಿಕೊಳ್ಳುತ್ತಾಳೆ. ಮರುದಿನ ಬೆಳಗ್ಗೆ ಅವಳ ನಡತೆಯೇ ಬದಲಾಗಿರುತ್ತದೆ.

ಅಂದರೆ ಬಾಗಿಲ ಮರೆಯಲ್ಲಿ ಕೇಳುವುದು ಎರಡು ಸಲ ಬರುತ್ತದೆ. ಮೊದಲ ಸಲ ಅವಳು ಅವನ ಮಾತು ಕೇಳಿ ಅವನನ್ನು ಅರ್ಥಮಾಡಿಕೊಳ್ಳುತ್ತಾಳೆ. ಎರಡನೇ ಸಲ ಅವನು ಅವಳ ಮಾತು ಕೇಳಿ ಅಪಾರ್ಥ ಮಾಡಿಕೊಳ್ಳುತ್ತಾನೆ. ಎರಡೂ ಸಲ ಒಳಗಿರುವವಳು ಫಿಯೋನಾ, ಹೊರಗಿರುವವನು ಶ್ರೆಕ್, ನಡುವೆ ಬಾಗಿಲು. ಎರಡನೇ ಸಲದ ಮಾತು ಇದು: ‘ಇಷ್ಟು ಕುರೂಪಿಯನ್ನು ಯಾರು ತಾನೇ ಪ್ರೀತಿಸುತ್ತಾರೆ?’ ಅವಳು ಹೇಳಿಕೊಂಡದ್ದು ತನ್ನ ಬಗ್ಗೆ. ಅವನಿಗೆ ಕೇಳಿಸಿದ್ದು ತನ್ನ ಬಗ್ಗೆ. ಇಬ್ಬರೂ ಹೊತ್ತಿರುವ ಗಾಯ ಒಂದೇ ಆದ್ದರಿಂದ ಆ ಮಾತು ಇಬ್ಬರಿಗೂ ಸರಿಯಾಗಿ ತಗಲುತ್ತದೆ. ಅವನ ಕೈಯಲ್ಲಿ ಅವಳಿಗೆಂದೇ ತಂದ ಸೂರ್ಯಕಾಂತಿ ಹೂ ಇರುತ್ತದೆ. ಮನಸ್ಸಿನ ಮಾತು ಹೇಳಬೇಕು ಅಂತ ದಾರಿಯುದ್ದ ಅಭ್ಯಾಸ ಮಾಡಿಕೊಂಡು ಬಂದಿರುತ್ತಾನೆ. ಆ ಹೂವನ್ನು ಒಮ್ಮೆ ಗಮನಿಸಿ ನೋಡಿ, ನನಗಂತೂ ಪ್ರತಿ ಸಲವೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಧಾರಾವಾಹಿಯ ಅಪಾರ್ಥಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ. ಅಲ್ಲಿ ತಪ್ಪು ತಿಳಿಯುವವರು ಸುಮ್ನೆ ಕತೆ ಎಳೆಯುವುದಕ್ಕಾಗಿ ತಪ್ಪು ತಿಳಿಯುತ್ತಾರೆ. ಶ್ರೆಕ್ ತಪ್ಪು ತಿಳಿಯುವುದು, ಆ ಮಾತನ್ನು ಅವನು ಮೊದಲೇ ನಂಬಿದ್ದಾನೆ ಅನ್ನುವ ಕಾರಣಕ್ಕೆ. ಬೇರೆ ಯಾರಾದರೂ ಆಗಿದ್ದರೆ ಬಾಗಿಲು ತಳ್ಳಿ ‘ಏನು ಹೇಳಿದೆ?’ ಅಂತ ಕೇಳುತ್ತಿದ್ದರು.

ಆಮೇಲೆ ಏನಾಗುತ್ತದೆ ಅದನ್ನೂ ನೋಡಿ. ದೊರೆ ಬಂದು ಜೌಗು ನೆಲದ ಪತ್ರ ಅವನ ಕೈಗೆ ಕೊಡುತ್ತಾನೆ. ಸಿನಿಮಾದ ಶುರುವಿನಲ್ಲಿ ಶ್ರೆಕ್ ಕೇಳಿದ್ದು ಇದನ್ನೇ. ಅಂದುಕೊಂಡದ್ದು ಕೈಸೇರಿತು, ಮನೆ ಖಾಲಿ, ಸದ್ದಿಲ್ಲ, ಆದರೂ ಊಟ ಸೇರುವುದಿಲ್ಲ. ಆ ಅಪಾರ್ಥ ಇಲ್ಲದಿದ್ದರೆ ಅವನು ಖಾಲಿ ಮನೆಗೆ ವಾಪಸ್ ಹೋಗುತ್ತಲೇ ಇರಲಿಲ್ಲ. ತನಗೆ ಬೇಕಾದದ್ದು ಇದಲ್ಲ ಅಂತ ಅವನಿಗೆ ತಿಳಿಯುತ್ತಲೂ ಇರಲಿಲ್ಲ.

ಒಂದು ಕಡೆ ನಿಮ್ಮ ಮಾತು ಒಪ್ಪುತ್ತೇನೆ. ಕತ್ತೆಗೆ ಶಾಪದ ಗುಟ್ಟು ಗೊತ್ತಿದ್ದೂ, ಕೊಟ್ಟ ಮಾತಿಗೆ ಕಟ್ಟುಬಿದ್ದು ಸುಮ್ಮನಿರುತ್ತದೆ. ಬಾಯಿ ಮುಚ್ಚಲು ಬಾರದ ಪ್ರಾಣಿ ಅಷ್ಟು ಹೊತ್ತು ಬಾಯಿ ಮುಚ್ಚಿತು ಅನ್ನುವುದು ಅನುಕೂಲಕ್ಕೆ ಮಾಡಿಕೊಂಡದ್ದೇ. ನಗುವಿನಲ್ಲಿ ಅದು ತೇಲಿ ಹೋಗುತ್ತದೆ.

ಪ್ರಶ್ನೆ: ಸರ್, ನಾನೊಂದು ಚಿತ್ರಕಥೆ ಬರೆದಿದ್ದೇನೆ. ಮಾತಾಡುವ ಬೆಕ್ಕು, ಶಾಪಗ್ರಸ್ತ ರಾಜಕುಮಾರ, ಮರೆಗುಳಿ ಮಾಟಗಾತಿ ಇದ್ದಾರೆ. ಓದಿದವರೆಲ್ಲ ನಗುತ್ತಾರೆ. ಆದರೆ ಕೊನೆಯಲ್ಲಿ ಶಾಪ ಕಳೆದಾಗ ಯಾರ ಮುಖದಲ್ಲೂ ಏನೂ ಕಾಣುವುದಿಲ್ಲ. ತಾನು ಕೊಟ್ಟ ಶಾಪ ಏನು ಅನ್ನುವುದೇ ಮಾಟಗಾತಿಗೆ ಮರೆತು ಹೋಗಿರುತ್ತದೆ, ಅದೇ ನನ್ನ ದೊಡ್ಡ ಜೋಕು. ಎಲ್ಲಿ ತಪ್ಪಿದ್ದೇನೆ?

ಉತ್ತರ: ಆ ದೊಡ್ಡ ಜೋಕಿನಲ್ಲೇ. ಶಾಪ ಏನೆಂದು ಯಾರಿಗೂ ಗೊತ್ತಿಲ್ಲದಿದ್ದರೆ, ಅದು ಕಳೆದಾಗ ಏನು ಕಳೆಯಿತು ಅಂತಲೂ ಗೊತ್ತಾಗುವುದಿಲ್ಲ. ನೋಡುವವರು ಯಾವುದಕ್ಕೆ ಕಾಯಬೇಕು?

ಮೇಲಿನ ಚಿತ್ರದಲ್ಲಿ ಶಾಪಕ್ಕೆ ಒಂದು ಗಡಿಯಾರ ಇದೆ: ಸೂರ್ಯ ಮುಳುಗುವುದು. ದಿನಕ್ಕೊಮ್ಮೆ ತಪ್ಪದೆ ಬರುತ್ತದೆ. ಹೊತ್ತು ಇಳಿಯುತ್ತಿದ್ದ ಹಾಗೆ ಫಿಯೋನಾ ‘ಇಲ್ಲೇ ತಂಗೋಣ, ಈಗಲೇ’ ಅಂತ ಹಟ ಹಿಡಿಯುತ್ತಾಳೆ. ಮೊದಲ ಸಲ ನೋಡುವಾಗ ಅದು ರಾಜಕುಮಾರಿಯ ಜಂಬದ ಹಾಗೆ ಕಂಡು ನಗು ಬರುತ್ತದೆ. ಗುಟ್ಟು ತಿಳಿದ ಮೇಲೆ ಮತ್ತೆ ನೋಡಿದರೆ ಅದು ಭಯ. ಒಂದೇ ಸೀನು, ಎರಡು ಕೆಲಸ. ಇನ್ನೂ ಹಿಂದಕ್ಕೆ ಹೋದರೆ ಮಾಯಾಕನ್ನಡಿ ಇದೆ. ಫಾರ್ಕ್ವಾಡ್ ಫಿಯೋನಾಳನ್ನು ಆರಿಸಿದ ಕೂಡಲೇ, ‘ರಾತ್ರಿ ಹೊತ್ತು ಒಂದು ಸಣ್ಣ ವಿಷಯ ಇದೆ...’ ಅಂತ ಕನ್ನಡಿ ರಾಗ ಎಳೆಯುತ್ತದೆ. ಆತುರಗೇಡಿ ದೊರೆ ಬಾಯಿ ಮುಚ್ಚಿಸುತ್ತಾನೆ. ನಾವು ನಕ್ಕು ಮುಂದೆ ಹೋಗುತ್ತೇವೆ. ಗುಟ್ಟನ್ನು ಶುರುವಿನಲ್ಲೇ ನಮ್ಮ ಕಿವಿಗೆ ಹಾಕಿಯಾಗಿದೆ, ಜೋಕಿನ ಒಳಗೆ ಸುತ್ತಿ. ಹಾಗಾಗಿ ಕೊನೆಗೆ ಬಯಲಾದಾಗ ಮೋಸ ಮಾಡಿದರು ಅಂತ ಯಾರಿಗೂ ಅನಿಸುವುದಿಲ್ಲ.

ನಿಮ್ಮ ಚಿತ್ರಕಥೆಯನ್ನು ಎಸೆಯಬೇಕಿಲ್ಲ. ಮಾಟಗಾತಿ ಬೇರೆ ಏನನ್ನು ಬೇಕಾದರೂ ಮರೆಯಲಿ. ಮದ್ದು ಮರೆಯಲಿ, ಮನೆ ದಾರಿ ಮರೆಯಲಿ, ತಾನು ಶಾಪ ಕೊಟ್ಟದ್ದು ಯಾರಿಗೆ ಅನ್ನುವುದನ್ನೂ ಮರೆಯಲಿ, ಅದರಿಂದ ನಗು ಇನ್ನೂ ಜಾಸ್ತಿ ಬಂದೀತು. ಆದರೆ ಶಾಪದ ಮಾತುಗಳು ಮೊದಲ ಹತ್ತು ಪುಟದೊಳಗೆ ಸ್ಪಷ್ಟವಾಗಿ ಬರಲಿ. ಅವನ್ನು ಎರಡು ಅರ್ಥಕ್ಕೆ ಎಡೆ ಇರುವ ಹಾಗೆ ಬರೆಯಿರಿ. ನಿಮ್ಮ ರಾಜಕುಮಾರ ಒಂದು ಅರ್ಥವನ್ನು ನಂಬಿಕೊಂಡು ಕತೆಯುದ್ದ ಓಡಾಡಲಿ. ಇನ್ನೊಂದು ಅರ್ಥ ಕೊನೆಯ ಸೀನಿಗೆ ಇರಲಿ. ಮತ್ತೆ, ಶಾಪ ಅವನಿಗೆ ನೋವು ಕೊಡುವುದನ್ನು ಒಂದು ಕಡೆಯಾದರೂ ತೋರಿಸಿ, ಅಲ್ಲಿ ಬೆಕ್ಕು ಕೂಡ ಮಾತಾಡಬಾರದು. ಅರ್ಧ ಪುಟ ಸಾಕು. ಅದನ್ನು ಬರೆದ ಮೇಲೆ ಅದೇ ಓದುಗರಿಗೆ ಮತ್ತೆ ಕೊಟ್ಟು, ಕೊನೆಯ ಪುಟ ಓದುವಾಗ ಅವರ ಮುಖ ನೋಡಿ. ಏನಾಯಿತು ಅಂತ ನನಗೂ ಬರೆದು ತಿಳಿಸಿ.