ಅಟ್ಟದ ಮೇಲಿನ ದೋಣಿ ರೀಲು

ಪ್ರಶ್ನೆ: ನಮ್ಮ ಅಜ್ಜ ದೋಣಿ ಕಟ್ಟುವ ಆಚಾರಿ. ಅವರ ಕೆಲಸವನ್ನು ಹಿಂದೆ ಯಾರೋ 16 ಮಿ.ಮೀ. ಫಿಲ್ಮಿನಲ್ಲಿ ತೆಗೆದಿದ್ದರಂತೆ. ಆ ಡಬ್ಬಿ ಈಗ ಅಟ್ಟದಲ್ಲಿ ಸಿಕ್ಕಿದೆ. ಮುಚ್ಚಳ ತೆಗೆದರೆ ಹುಳಿ ವಾಸನೆ. ಇದನ್ನು ನೋಡುವುದು ಹೇಗೆ? ಮರಗೆಲಸದ ಇಂಥ ಹಳೇ ಚಿತ್ರ ಬೇರೆ ಎಲ್ಲಿ ಸಿಗುತ್ತವೆ? ಕೂಡಿಡುವ ಆಸೆ ಇದೆ.
– ಓದುಗ, ಹೊನ್ನಾವರ

ಉತ್ತರ: ಮೊದಲು ಒಂದು ಮಾತು. ದಯವಿಟ್ಟು ಅದನ್ನು ಪ್ರೊಜೆಕ್ಟರಿಗೆ ಹಾಕಬೇಡಿ.

ನಾನು ಆ ತಪ್ಪು ಮಾಡಿದ್ದೇನೆ. ಶಿರಸಿಯ ಮಾರಿಕಾಂಬೆ ಜಾತ್ರೆಗೆ ರಥ ಕಟ್ಟುವುದನ್ನು ನನ್ನ ಸೋದರಮಾವ ಸೂಪರ್ 8ರಲ್ಲಿ, ಅಂದರೆ ಮನೆಮಂದಿ ಬಳಸುತ್ತಿದ್ದ 8 ಮಿ.ಮೀ. ಫಿಲ್ಮಿನಲ್ಲಿ, ತೆಗೆದಿದ್ದರು. 50 ಅಡಿ ಫಿಲ್ಮು, ಬರೀ 3 ನಿಮಿಷ 20 ಸೆಕೆಂಡು. ತಡೆಯಲಾರದೆ ಹಳೇ ಪ್ರೊಜೆಕ್ಟರಿನಲ್ಲಿ ಓಡಿಸಿದೆ. ಬಾಚಿ ಹಿಡಿದು ಮರ ಸವರುವ ಕೈ ಕಂಡಿತು. ಅಷ್ಟರಲ್ಲಿ ಫಿಲ್ಮು ಸಿಕ್ಕಿಕೊಂಡಿತು. ದೀಪದ ಕಾವಿಗೆ ಆ ಕೈ ಇದ್ದ ಜಾಗವೇ ಕರಗಿ ತೂತಾಯಿತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನೀವು ಹೇಳಿದ ವಾಸನೆ ವಿನಿಗರ್‌ದು. ಅಸಿಟೇಟ್ ಅನ್ನುವ ಪ್ಲಾಸ್ಟಿಕ್ಕಿನ ಫಿಲ್ಮು ಸೆಕೆಗೆ, ತೇವಕ್ಕೆ ಕೊಳೆಯುವಾಗ ಹುಳಿ ಬಿಡುತ್ತದೆ. ನಮ್ಮ ಕರಾವಳಿಯಲ್ಲಿ ಎರಡೂ ಜಾಸ್ತಿ ಅಲ್ವಾ? ಆಮೇಲೆ ಫಿಲ್ಮು ಕುಗ್ಗುತ್ತದೆ. ಅಂಚಿನ ತೂತು ಪ್ರೊಜೆಕ್ಟರಿನ ಹಲ್ಲಿಗೆ ಕೂರುವುದಿಲ್ಲ, ಹರಿಯುತ್ತದೆ. ಇವತ್ತೇ ಅಟ್ಟದಿಂದ ಇಳಿಸಿ. ಬೇರೆ ರೀಲುಗಳಿದ್ದರೆ ಇದನ್ನು ದೂರ ಇಡಿ, ಈ ಹುಳಿ ಅವಕ್ಕೂ ತಗಲುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಬೇಡಿ, ಆದಷ್ಟು ತಂಪಾದ, ಒಣ ಜಾಗದಲ್ಲಿಡಿ.

ಮುಂದಿನ ಕೆಲಸ ಸ್ಕ್ಯಾನ್. ಒಂದೊಂದೇ ಫ್ರೇಮಾಗಿ ಸ್ಕ್ಯಾನ್ ಮಾಡುವವರನ್ನೇ ಹುಡುಕಿ. ಗೋಡೆ ಮೇಲೆ ಬಿಟ್ಟು ಕ್ಯಾಮೆರಾದಲ್ಲಿ ಹಿಡಿದುಕೊಡುತ್ತೇವೆ ಅಂದರೆ ಒಪ್ಪಬೇಡಿ. ಫಿಲ್ಮಿನ ಒಂದೇ ಅಂಚಿಗೆ ತೂತಿದ್ದರೆ ಇನ್ನೊಂದು ಅಂಚಿನಲ್ಲಿ ಧ್ವನಿಪಟ್ಟಿ ಇರಬಹುದು. ಅದನ್ನೂ ತೆಗೆಯಲು ಹೇಳಿ. 400 ಅಡಿಯ ರೀಲಾದರೆ, ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಸುಮಾರು 11 ನಿಮಿಷ ಬರುತ್ತದೆ. ಅಜ್ಜನ 11 ನಿಮಿಷ! ಸ್ಕ್ಯಾನ್ ಆಯಿತೆಂದು ಮೂಲ ರೀಲನ್ನು ಎಸೆಯಬೇಡಿ.

ಇನ್ನು ಬೇರೆ ಚಿತ್ರಗಳು. ನೀವು ಮೊದಲು ನೋಡಬೇಕಾದದ್ದು ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡಿನ ‘ಸೀಸರ್ಸ್ ಬಾರ್ಕ್ ಕನೂ’, 1971ರದ್ದು. ಅವರ ಜಾಲತಾಣದಲ್ಲಿ ಪುಕ್ಕಟೆ ಇದೆ. 67 ವರ್ಷದ ಒಬ್ಬ ಅಜ್ಜ ಮರದ ತೊಗಟೆಯಿಂದ ದೋಣಿ ಮಾಡುತ್ತಾರೆ. ಬೇರಿನಿಂದ ಹೊಲಿಯುತ್ತಾರೆ, ಅಂಟು ಮೆತ್ತುತ್ತಾರೆ. ಹಿನ್ನೆಲೆಯಲ್ಲಿ ವಿವರಣೆಯ ದನಿಯೇ ಇಲ್ಲ. ನಮ್ಮಲ್ಲಿ ಹಲಗೆಗಳನ್ನು ಕತ್ತದ ಹಗ್ಗದಿಂದ ಹೊಲಿಯುತ್ತಿದ್ದರಲ್ಲ, ನನಗೆ ಅದೇ ಕಣ್ಣಿಗೆ ಬಂತು.

ಜರ್ಮನಿಯ ಗೊಟ್ಟಿಂಗೆನ್‌ನಲ್ಲಿ 1952ರಿಂದ ಇಂಥ ಕೆಲಸಗಳ ಚಿತ್ರಕೋಶವನ್ನೇ ಕಟ್ಟಿದರು. ಅದೀಗ ಹ್ಯಾನೋವರ್‌ನ ಟಿಐಬಿ ಗ್ರಂಥಾಲಯದಲ್ಲಿದೆ. ಹುಡುಕುವಾಗ ಸುಮ್ನೆ ‘ವುಡ್‌ವರ್ಕ್’ ಅಂತ ಹಾಕಬೇಡಿ, ಕಸುಬಿನ ಹೆಸರು ಹಾಕಿ. ಪೀಪಾಯಿ ಮಾಡುವವನಿಗೆ ‘ಕೂಪರ್’, ಗಾಡಿಯ ಗಾಲಿ ಮಾಡುವವನಿಗೆ ‘ವೀಲ್‌ರೈಟ್’. ಆಗ ಸಿಗುವುದೇ ಬೇರೆ.

ನಮ್ಮ ದೇಶದ್ದಕ್ಕೆ 1948ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್‌ನ ಸಾಕ್ಷ್ಯಚಿತ್ರಗಳನ್ನು ನೋಡಿ. ಅದು 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ (ಎನ್‌ಎಫ್‌ಡಿಸಿ) ಸೇರಿತು. ಪುಣೆಯ ಫಿಲ್ಮ್ ಆರ್ಕೈವ್‌ಗೂ ಒಂದು ಪತ್ರ ಬರೆಯಿರಿ. ನಮ್ಮ ಗುಡಿಗಾರರ ಗಂಧದ ಕೆತ್ತನೆ, ಬೆಂಡಿನ ಬಾಸಿಂಗದ ಬಗ್ಗೆ ನಾನೂ ಹುಡುಕುತ್ತಿದ್ದೇನೆ. ಸಿಕ್ಕರೆ ಖಂಡಿತ ತಿಳಿಸಿ.

ಕೊನೆಗೆ ಒಂದು ಕೋರಿಕೆ. ಸ್ಕ್ಯಾನ್ ಆದಮೇಲೆ ಅಜ್ಜನ ಜೊತೆ ದುಡಿದವರ ಮನೆಗೆ ಹೋಗಿ, ಚಿತ್ರ ತೋರಿಸಿ. ಈ ಉಳಿಗೆ ಏನಂತಿದ್ದಿರಿ, ಈ ಮರ ಯಾವುದು, ಇಲ್ಲಿ ಯಾಕೆ ಎರಡು ಸಲ ಬಡಿದರು ಅಂತ ಕೇಳಿ. ಅವರ ಮಾತನ್ನು ಮೊಬೈಲಿನಲ್ಲಿ ಹಿಡಿದು ಚಿತ್ರದ ಜೊತೆಗೇ ಇಡಿ. ಆ ಮಾತುಗಳು ಯಾವ ರೀಲಿನಲ್ಲೂ ಸಿಗುವುದಿಲ್ಲ. ಅವರಿಗೆ ವಯಸ್ಸಾಗಿರುತ್ತದೆ, ತಡ ಮಾಡಬೇಡಿ.