ಖಾಲಿ ಮನೆಗೆ ಸೊನ್ನೆ ತುಂಬಬೇಡಿ

ಓದುಗರ ಪ್ರಶ್ನೆ – ನಮ್ಮ ಉತ್ತರ

ಹಿಂದಿನ ಸಂಚಿಕೆಯಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಲಿಕೆಯ ಬಗ್ಗೆ ನಾಲ್ಕು ಮಾತು ಬರೆದದ್ದೇ ತಡ, ಆರೋಗ್ಯ ಇಲಾಖೆಯಲ್ಲಿ ದುಡಿಯುವವರಿಂದಲೂ ವಿದ್ಯಾರ್ಥಿಗಳಿಂದಲೂ ಪತ್ರಗಳು ಬಂದಿವೆ. ನಾನು ಇಪ್ಪತ್ತಾರು ವರ್ಷ ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ಆರೋಗ್ಯ ಕಚೇರಿಗಳಲ್ಲಿ ಅಂಕಿಅಂಶದ ಕೆಲಸ ಮಾಡಿದವಳು. ಪೈಥಾನ್ ಕಲಿತದ್ದು ನಿವೃತ್ತಿಗೆ ನಾಲ್ಕು ವರ್ಷ ಉಳಿದಿದ್ದಾಗ. ಈ ಸಲದ ಅಂಕಣದ ಅಷ್ಟೂ ಜಾಗವನ್ನು ಈ ಪತ್ರಗಳಿಗೇ ಕೊಡಿ ಎಂದು ಸಂಪಾದಕರನ್ನು ಕೇಳಿಕೊಂಡೆ, ಅವರು ಒಪ್ಪಿದರು.

ಪ್ರಶ್ನೆ: ಮೇಡಂ, ನಾನು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಉಪಕೇಂದ್ರಗಳಿಂದ ವಾರವಾರ ಬರುವ ಜ್ವರದ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಇಟ್ಟಿದ್ದೇನೆ. ಪೈಥಾನ್‌ನ ಪಟ್ಟಿ-ಲೆಕ್ಕದ ಸಲಕರಣೆಯಾದ ಪ್ಯಾಂಡಾಸ್‌ನಲ್ಲಿ ತೆರೆದರೆ ಖಾಲಿ ಇದ್ದ ಕಡೆಯೆಲ್ಲ ‘ಎನ್ಎಎನ್’ (ಅಂಕಿ ಇಲ್ಲ) ಎಂದು ತೋರಿಸುತ್ತದೆ. ಎಲ್ಲಕ್ಕೂ ಸೊನ್ನೆ ತುಂಬಿಸಿ ಸರಾಸರಿ ತೆಗೆದೆ. ನಾನು ಕಣ್ಣಾರೆ ಕಂಡದ್ದಕ್ಕಿಂತ ಬಹಳ ಕಡಿಮೆ ಬಂತು. ಎಲ್ಲಿ ತಪ್ಪಿದೆ? (ತೀರ್ಥಹಳ್ಳಿ ತಾಲ್ಲೂಕಿನಿಂದ)

ಉತ್ತರ: ನೀವು ತುಂಬಿದ ಸೊನ್ನೆಯಲ್ಲೇ ತಪ್ಪಿದೆ. ಪತ್ರದ ಜೊತೆ ಒಂದು ಉಪಕೇಂದ್ರದ ಹತ್ತು ವಾರಗಳ ಲೆಕ್ಕ ಕಳುಹಿಸಿದ್ದೀರಿ: 6, 9, ಖಾಲಿ, 12, ಖಾಲಿ, ಖಾಲಿ, 14, 0, 8, 7. ಒಟ್ಟು 56. ಖಾಲಿ ಮನೆಗಳನ್ನು, ಅಂದರೆ ತಖ್ತೆಯ ಖಾಲಿ ಚೌಕಗಳನ್ನು, ಸೊನ್ನೆ ಮಾಡಿದರೆ ಹತ್ತು ವಾರಕ್ಕೆ ಹಂಚಿ 5.6 ಬರುತ್ತದೆ. ವರದಿ ಬಂದ ಏಳು ವಾರಗಳಿಗಷ್ಟೇ ಹಂಚಿದರೆ 8. ನೀವು ಏನನ್ನೂ ತುಂಬದೆ ನೇರವಾಗಿ ‘ಮೀನ್’ (ಸರಾಸರಿ) ಕೇಳಿದ್ದರೆ ಪ್ಯಾಂಡಾಸ್ ಖಾಲಿ ಮನೆಗಳನ್ನು ತಾನೇ ಬದಿಗಿಟ್ಟು 8 ಎಂದೇ ಹೇಳುತ್ತಿತ್ತು. ಎಂಟನೇ ವಾರದ ಸೊನ್ನೆಯನ್ನು ಮಾತ್ರ ಅದು ಬಿಡುವುದಿಲ್ಲ, ಬಿಡಲೂಬಾರದು. ಆ ವಾರ ಯಾರೋ ಮನೆಮನೆ ತಿರುಗಿ, ಜ್ವರ ಇಲ್ಲವೆಂದು ಖಚಿತ ಮಾಡಿಕೊಂಡು, ಕೈಯಾರೆ ಸೊನ್ನೆ ಬರೆದಿದ್ದಾರೆ. ಖಾಲಿ ಮನೆಯ ಹಿಂದೆ ಅಂಥ ತಿರುಗಾಟ ಇಲ್ಲ.

ಆದರೆ 8ನ್ನೂ ಪೂರ್ತಿ ನಂಬಬೇಡಿ. ಏಕೆಂದು ಹೇಳುತ್ತೇನೆ. ನಾನು ಕೆಲಸ ಮಾಡುತ್ತಿದ್ದ ಒಂದು ತಾಲ್ಲೂಕಿನಲ್ಲಿ ಆಷಾಢದ ಮಳೆ ಹಿಡಿದಿತ್ತು. ಒಂದು ಉಪಕೇಂದ್ರದ ನಮೂನೆ ಮೂರು ವಾರ ಬರಲಿಲ್ಲ. ಕಚೇರಿಯ ತಖ್ತೆಯಲ್ಲಿ ಆ ಮೂರು ಮನೆಗಳಿಗೆ ಸೊನ್ನೆ ಬಿತ್ತು. ಮಾಸಿಕ ಸಭೆಯಲ್ಲಿ ‘ಆ ಭಾಗದಲ್ಲಿ ಜ್ವರ ಹತೋಟಿಗೆ ಬಂದಿದೆ’ ಎಂದು ಓದಿದರು. ನನಗೆ ಸಮಾಧಾನವಾಗಲಿಲ್ಲ. ಮಳೆ ಹೊಳವಾದ ದಿನ ಬಸ್ ಹತ್ತಿ, ಕೊನೆಯ ಎರಡು ಮೈಲಿ ನಡೆದು ಹೋದೆ. ಹಳ್ಳದ ಕಾಲುಸಂಕ ಕೊಚ್ಚಿಹೋಗಿತ್ತು. ಸುತ್ತು ಹಾಕಿ ಉಪಕೇಂದ್ರ ಮುಟ್ಟಿದಾಗ ಅಲ್ಲಿನ ಸಹಾಯಕಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟ ರಿಜಿಸ್ಟರನ್ನು ಬಿಚ್ಚಿ ತೋರಿಸಿದರು. ಆ ಮೂರು ವಾರಗಳಲ್ಲಿ ಇಪ್ಪತ್ತಮೂರು ಜ್ವರದ ಪ್ರಕರಣಗಳು, ಒಂದೊಂದಕ್ಕೂ ಹೆಸರು, ವಯಸ್ಸು, ರಕ್ತಲೇಪನ ತೆಗೆದ ದಿನಾಂಕ. ಅವರು ತಮ್ಮ ಕೆಲಸವನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಹಾಳೆ ಹಳ್ಳ ದಾಟಿರಲಿಲ್ಲ, ಅಷ್ಟೇ.

ನಮ್ಮ ಮಲೆನಾಡಿನಲ್ಲಿ ವರದಿ ತಪ್ಪುವುದು ಹೆಚ್ಚಾಗಿ ಜಡಿಮಳೆಯ ವಾರಗಳಲ್ಲೇ. ಜ್ವರ ಏರುವ ಕಾಲವೂ ಅದೇ. ಆದ್ದರಿಂದ ಖಾಲಿ ಬಿದ್ದ ವಾರಗಳಲ್ಲಿ ಪ್ರಕರಣಗಳು ಸರಾಸರಿಗಿಂತ ಹೆಚ್ಚೇ ಇದ್ದಿರಬಹುದು. ನೀವು ಮಾಡಬೇಕಾದದ್ದು ಇಷ್ಟು: ಸರಾಸರಿಯ ಪಕ್ಕದಲ್ಲೇ ಇನ್ನೊಂದು ಕಾಲಂ ಮಾಡಿ, ಪ್ರತಿ ಉಪಕೇಂದ್ರಕ್ಕೂ ಎಷ್ಟು ವಾರಗಳಲ್ಲಿ ಎಷ್ಟು ವಾರದ ವರದಿ ಬಂದಿದೆ ಎಂದು ಬರೆಯಿರಿ. ‘ಗ್ರೂಪ್‌ಬೈ’ ಮಾಡಿ (ಅಂದರೆ ಉಪಕೇಂದ್ರವಾರು ಗುಂಪು ಮಾಡಿ) ‘ಕೌಂಟ್’ ಕೇಳಿದರೆ ತುಂಬಿದ ಮನೆಗಳನ್ನಷ್ಟೇ ಎಣಿಸಿ ಕೊಡುತ್ತದೆ. ಹತ್ತಕ್ಕೆ ಏಳು ಎಂಬುದು ಕಾಣುವಂತಿದ್ದರೆ, ಓದಿದವರು ಉಳಿದ ಮೂರು ವಾರ ಏನಾಯಿತು ಎಂದು ಕೇಳಿಯೇ ಕೇಳುತ್ತಾರೆ.

ಪ್ರಶ್ನೆ: ಮಂಗನ ಕಾಯಿಲೆಯ ಬಗ್ಗೆ ಕಿರುಯೋಜನೆ ಮಾಡುತ್ತಿದ್ದೇನೆ. ದಿನಾಂಕದಿಂದ ವರ್ಷ ತೆಗೆದು ವರ್ಷವಾರು ಎಣಿಸಿದರೆ ಏರಿಳಿತಕ್ಕೆ ಅರ್ಥವೇ ಸಿಗುತ್ತಿಲ್ಲ. (ಬಿ.ಎಸ್ಸಿ. ವಿದ್ಯಾರ್ಥಿನಿ, ಸಾಗರ)

ಉತ್ತರ: ನಿಮ್ಮ ಪತ್ರ ಓದಿ ಸಂತೋಷವಾಯಿತು. 1957ರಲ್ಲಿ ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ಕಾಯಿಲೆ ಇದು. ಆ ಕಾಡಿನ ಹೆಸರನ್ನೇ ಲೋಕವೆಲ್ಲ ಅದಕ್ಕೆ ಇಟ್ಟುಕೊಂಡಿದೆ. ಇದರ ಲೆಕ್ಕವನ್ನು ನಿಮ್ಮೂರಿನ ಹುಡುಗಿಯೊಬ್ಬಳು ತಾನೇ ಬಿಡಿಸಲು ಕುಳಿತಿರುವುದು ದೊಡ್ಡ ಮಾತು.

ಕಾಯಿಲೆಯ ಕಾಲ ನಿಮಗೆ ಗೊತ್ತಿರುವುದೇ. ಮಳೆ ನಿಂತು ನೆಲ ಒಣಗಿ, ಮರಿ ಉಣುಗುಗಳು ಹೆಚ್ಚಿ, ಜನ ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವ ಹೊತ್ತಿಗೆ ಶುರುವಾಗುತ್ತದೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಜೋರು. ಅಂದರೆ ಒಂದೇ ಹಂಗಾಮು ಎರಡು ಕ್ಯಾಲೆಂಡರ್‌ಗಳಲ್ಲಿ ಕಾಲಿಟ್ಟಿರುತ್ತದೆ. ನೀವು ಜನವರಿ ಒಂದಕ್ಕೆ ಕತ್ತರಿಸಿದರೆ ಈ ಹಂಗಾಮಿನ ಬಾಲವೂ ಮುಂದಿನ ಹಂಗಾಮಿನ ತಲೆಯೂ ಒಂದೇ ಬುಟ್ಟಿಗೆ ಬೀಳುತ್ತವೆ. ಹಂಗಾಮಿಗೆ ಬೇರೆ ಕಾಲಂ ಮಾಡಿ. ಪೈಥಾನ್‌ನಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು, ಹೀಗೆ:

ಹಂಗಾಮು = ವರ್ಷ + (ತಿಂಗಳು >= 10)

ಕಂಸದೊಳಗಿನ ಮಾತು (ತಿಂಗಳು ಅಕ್ಟೋಬರ್ ಅಥವಾ ಅದರ ನಂತರದ್ದು ಎಂಬುದು) ನಿಜವಾದರೆ ಒಂದು, ಸುಳ್ಳಾದರೆ ಸೊನ್ನೆ ಎಂದು ಕೂಡಿಕೊಳ್ಳುತ್ತದೆ. 2023ರ ಡಿಸೆಂಬರ್ ಪ್ರಕರಣವೂ 2024ರ ಏಪ್ರಿಲ್ ಪ್ರಕರಣವೂ 2024ರ ಹಂಗಾಮಿಗೇ ಸೇರುತ್ತವೆ.

ಇನ್ನೊಂದು ಎಚ್ಚರಿಕೆ. ನಾವು 05/12 ಎಂದು ಬರೆದರೆ ಡಿಸೆಂಬರ್ ಐದು. ಪ್ಯಾಂಡಾಸ್ ಸುಮ್ಮನೆ ಬಿಟ್ಟರೆ ತಿಂಗಳನ್ನು ಮೊದಲು ಓದಿ ಮೇ ಹನ್ನೆರಡು ಎಂದುಕೊಳ್ಳುತ್ತದೆ. ದಿನಾಂಕ ಓದಿಸುವಾಗ ‘ಡೇಫಸ್ಟ್’ ಎಂಬುದನ್ನು ‘ಟ್ರೂ’ ಮಾಡಿ. ಮಾಡಿದ ಮೇಲೆ ತಿಂಗಳುವಾರು ಎಣಿಕೆ ಒಮ್ಮೆ ತೆಗೆದು ನೋಡಿ. ಸುರಿಯುವ ಮಳೆಯ ಜುಲೈನಲ್ಲಿ ಮಂಗನ ಕಾಯಿಲೆಯ ರಾಶಿ ಕಂಡರೆ ದಿನಾಂಕ ತಿರುಗಾಮುರುಗಾ ಆಗಿದೆ ಎಂದೇ ತಿಳಿಯಿರಿ.

ಪ್ರಶ್ನೆ: ನನ್ನ ಬಳಿ ಒಳ್ಳೆಯ ಕಂಪ್ಯೂಟರ್ ಇಲ್ಲ. ಕಲಿಯಲು ಸಾಧ್ಯವೇ? (ಹಾವೇರಿ)

ಉತ್ತರ: ಸಾಧ್ಯ. ಗೂಗಲ್ ಕೊಲ್ಯಾಬ್ ಬ್ರೌಸರ್‌ನಲ್ಲೇ ನಡೆಯುತ್ತದೆ, ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಹಳೆಯ ಲ್ಯಾಪ್‌ಟಾಪ್ ಸಾಕು. ಆದರೆ ರೋಗಿಗಳ ಹೆಸರಿರುವ ಕಡತವನ್ನು ಅಲ್ಲಿಗೆ ಏರಿಸಬೇಡಿ.

ಪ್ರಶ್ನೆ: ಜಿಲ್ಲಾವಾರು ಡೆಂಗಿ ಪ್ರಕರಣಗಳ ಪಟ್ಟಿಯನ್ನು 2011ರ ಜನಗಣತಿಯ ಪಟ್ಟಿಯೊಂದಿಗೆ ಜೋಡಿಸಿದೆ. ಕೆಲವು ಜಿಲ್ಲೆಗಳೇ ಮಾಯವಾದವು. ಜೋಡಿಸದೆ ಬರೀ ಪ್ರಕರಣಗಳ ಸಂಖ್ಯೆಯನ್ನೇ ಹೋಲಿಸಿದರೆ ಆಗದೇ? (ಪತ್ರಿಕೋದ್ಯಮ ವಿದ್ಯಾರ್ಥಿ, ಕಲಬುರಗಿ)

ಉತ್ತರ: ಆಗುವುದಿಲ್ಲ. 2011ರಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 96,21,551. ಕೊಡಗಿನದು 5,54,519. ಎರಡರಲ್ಲೂ ಐನೂರು ಐನೂರು ಪ್ರಕರಣ ಇದ್ದವು ಎಂದಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಲಕ್ಷಕ್ಕೆ ಐದು ಜನ, ಕೊಡಗಿನಲ್ಲಿ ಲಕ್ಷಕ್ಕೆ ತೊಂಬತ್ತು. ಬರೀ ಸಂಖ್ಯೆ ನೋಡಿ ಸುದ್ದಿ ಬರೆದರೆ ಎರಡೂ ಕಡೆ ಪರಿಸ್ಥಿತಿ ಒಂದೇ ಎಂದಾಗುತ್ತದೆ. ಸಾಲು ಇಷ್ಟೇ:

ಪ್ರಮಾಣ = ಪ್ರಕರಣ / ಜನಸಂಖ್ಯೆ * 100000

ಈಗ ಮಾಯವಾದ ಜಿಲ್ಲೆಗಳು. ‘ಮರ್ಜ್’ ಎಂಬುದು ಎರಡೂ ಪಟ್ಟಿಗಳಲ್ಲಿ ಅಕ್ಷರಶಃ ಒಂದೇ ಹೆಸರಿದ್ದರೆ ಮಾತ್ರ ಜೋಡಿಸುತ್ತದೆ. ಹೊಂದದ ಸಾಲನ್ನು ಸದ್ದಿಲ್ಲದೆ ಕೈಬಿಡುತ್ತದೆ. ಜನಗಣತಿಯ ಪಟ್ಟಿಯಲ್ಲಿ ನಿಮ್ಮ ಜಿಲ್ಲೆ ಗುಲ್ಬರ್ಗ. 2014ರ ನವೆಂಬರ್ 1ರಂದು ಅದು ಕಲಬುರಗಿಯಾಯಿತು. ಬಿಜಾಪುರ ವಿಜಯಪುರವಾಯಿತು, ಬೆಳಗಾಂ ಬೆಳಗಾವಿಯಾಯಿತು, ಶಿಮೊಗ್ಗ ಶಿವಮೊಗ್ಗವಾಯಿತು. ಹಳೆ ಹೆಸರಿಗೆ ಹೊಸ ಹೆಸರು ಹೇಳುವ ಒಂದು ಡಿಕ್ಷನರಿ ಬರೆದುಕೊಂಡು ‘ರಿಪ್ಲೇಸ್’ ಮಾಡಿ. ಜೋಡಿಸುವಾಗ ‘ಹೌ’ಗೆ ‘ಲೆಫ್ಟ್’ ಎಂದೂ ‘ಇಂಡಿಕೇಟರ್’ಗೆ ‘ಟ್ರೂ’ ಎಂದೂ ಕೊಡಿ. ಯಾವ ಸಾಲಿಗೆ ಜೊತೆ ಸಿಗಲಿಲ್ಲ ಎಂಬುದು ಪಕ್ಕದಲ್ಲೇ ಬರೆದು ಬರುತ್ತದೆ.

ವಿಜಯನಗರ ಜಿಲ್ಲೆಗೆ ಮಾತ್ರ ಹೆಸರು ಬದಲಿಸಿದರೆ ಸಾಲದು. ಅದು 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ಜಿಲ್ಲೆ, 2011ರ ಪಟ್ಟಿಯಲ್ಲಿ ಅದು ಇರುವುದೇ ಇಲ್ಲ. ವಿಜಯನಗರದ ಪ್ರಕರಣಗಳನ್ನು ಬಳ್ಳಾರಿಗೆ ಕೂಡಿಸಿಬಿಡೋಣ ಎಂದು ಹಲವರು ಮಾಡುತ್ತಾರೆ. ಆಗ ಹರಪನಹಳ್ಳಿ ಎಡವಟ್ಟಾಗುತ್ತದೆ. ಆ ತಾಲ್ಲೂಕು 2011ರಲ್ಲಿ ದಾವಣಗೆರೆಯಲ್ಲಿತ್ತು, 2018ರಲ್ಲಿ ಬಳ್ಳಾರಿಗೆ ಬಂತು, ಈಗ ವಿಜಯನಗರದಲ್ಲಿದೆ. ಅಲ್ಲಿನ ರೋಗಿ ಬಳ್ಳಾರಿಯ ಲೆಕ್ಕದಲ್ಲಿ, ಅಲ್ಲಿನ ಜನಸಂಖ್ಯೆ ದಾವಣಗೆರೆಯ ಲೆಕ್ಕದಲ್ಲಿ ಉಳಿಯುತ್ತದೆ. ತಾಲ್ಲೂಕುವಾರು ಜನಗಣತಿ ಪಟ್ಟಿ ತೆಗೆದುಕೊಂಡು ಇವತ್ತಿನ ಜಿಲ್ಲೆಗಳಿಗೆ ಹೊಸದಾಗಿ ಕೂಡಿ. ಒಂದು ಸಂಜೆಯ ಕೆಲಸ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಆ ವರ್ಷ ನಡೆಯಲಿಲ್ಲವಾದ್ದರಿಂದ, ಯಾವ ವರ್ಷದ ಜನಸಂಖ್ಯೆ ಬಳಸಿದಿರಿ ಎಂಬುದನ್ನು ವರದಿಯಲ್ಲಿ ಹೇಳಲೇಬೇಕು.

ಪ್ರಶ್ನೆ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೂಲ ಕಡತ ನನ್ನ ಬಳಿ ಇದೆ. ಕರ್ನಾಟಕದ ಮಕ್ಕಳ ರಕ್ತಹೀನತೆ ನಾನು ತೆಗೆದರೆ ಪ್ರಕಟವಾದದ್ದಕ್ಕಿಂತ ಕಡಿಮೆ ಬರುತ್ತದೆ. (ಕಾಲೇಜು ಉಪನ್ಯಾಸಕರು, ಧಾರವಾಡ)

ಉತ್ತರ: ಪ್ರಕಟವಾದ ಅಂಕಿ ನೆನಪಿರಲಿ: ಆರು ತಿಂಗಳಿನಿಂದ ಐವತ್ತೊಂಬತ್ತು ತಿಂಗಳವರೆಗಿನ ಮಕ್ಕಳಲ್ಲಿ 2015-16ರಲ್ಲಿ ಶೇ 60.9, 2019-21ರಲ್ಲಿ ಶೇ 65.5. ಮೂವರು ಮಕ್ಕಳಲ್ಲಿ ಸುಮಾರು ಇಬ್ಬರು. ನಿಮ್ಮ ಪ್ರೋಗ್ರಾಂ ಓದಿದೆ. ಇಲ್ಲಿಯೂ ಖಾಲಿ ಮನೆಯೇ ಕೈಕೊಟ್ಟಿದೆ. ಆ ಸಮೀಕ್ಷೆಗಳ ಲೆಕ್ಕದಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರ್‌ಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಕಡತದಲ್ಲಿ 10.5 ಎಂಬುದು 105 ಎಂದು ಇರುವುದರಿಂದ ನೀವು 110ಕ್ಕಿಂತ ಕಡಿಮೆಯೇ ಎಂದು ಕೇಳಿದ್ದೀರಿ. ಅಲ್ಲಿಯವರೆಗೆ ಸರಿ. ಆದರೆ ರಕ್ತ ಪರೀಕ್ಷೆಯೇ ಆಗದ ಮಗುವಿನ ಅಂಕಿಯ ಮನೆ ಖಾಲಿ. ಖಾಲಿ ಮನೆ 110ಕ್ಕಿಂತ ಕಡಿಮೆಯೇ ಎಂದು ಕೇಳಿದರೆ ಪೈಥಾನ್ ‘ಅಲ್ಲ’ ಎನ್ನುತ್ತದೆ. ತಾಯಿ ಒಪ್ಪಲಿಲ್ಲ, ಮಗು ಮನೆಯಲ್ಲಿರಲಿಲ್ಲ ಎಂಬುದಕ್ಕೆ ಬರೆದ 99ರಿಂದ ಶುರುವಾಗುವ ಮೂರಂಕಿ ಸಂಕೇತಗಳೂ 110ಕ್ಕಿಂತ ದೊಡ್ಡವೇ. ಹೀಗೆ ಪರೀಕ್ಷೆಗೇ ಬಾರದ ಮಕ್ಕಳೆಲ್ಲ ನಿಮ್ಮ ಲೆಕ್ಕದಲ್ಲಿ ಆರೋಗ್ಯವಂತರಾಗಿ ಕುಳಿತಿದ್ದಾರೆ. ಮೊದಲು ಅವರನ್ನು ಬೇರೆ ಮಾಡಿ.

ಬಳಿಕ ತೂಕ. ಮಗುವಿನ ಮೈತೂಕವಲ್ಲ, ದಾಖಲೆಯ ತೂಕ. ಸಮೀಕ್ಷೆಯಲ್ಲಿ ಒಂದೊಂದು ದಾಖಲೆಯೂ ಬೇರೆ ಬೇರೆ ಸಂಖ್ಯೆಯ ಜನರ ಪರವಾಗಿ ನಿಂತಿರುತ್ತದೆ. ಕಡತದಲ್ಲಿ ಆ ತೂಕವನ್ನು ಹತ್ತು ಲಕ್ಷದಿಂದ ಗುಣಿಸಿ ಇಟ್ಟಿರುತ್ತಾರೆ, ಭಾಗಿಸಿಕೊಳ್ಳಿ. ರಕ್ತಹೀನ ಮಕ್ಕಳ ತೂಕದ ಮೊತ್ತವನ್ನು ಪರೀಕ್ಷೆಯಾದ ಎಲ್ಲ ಮಕ್ಕಳ ತೂಕದ ಮೊತ್ತದಿಂದ ಭಾಗಿಸಿದರೆ ಪ್ರಕಟಿತ ಅಂಕಿಯ ಹತ್ತಿರ ಬರುತ್ತೀರಿ. ಬಾರದಿದ್ದರೆ ಮತ್ತೆ ಬರೆಯಿರಿ.

ಪ್ರಶ್ನೆ: ಹೆಸರಿನ ಕಾಲಂ ಅಳಿಸಿ ಕಡತವನ್ನು ಗೆಳೆಯರಿಗೆ ಕಳುಹಿಸಬಹುದೇ? (ಹಾಸನ)

ಉತ್ತರ: ನೂರು ಮನೆಯ ಊರಿನಲ್ಲಿ ‘ಮಹಿಳೆ, 34, ಕ್ಷಯ’ ಎಂದಷ್ಟೇ ಇದ್ದರೂ ಯಾರೆಂದು ಊರಿಗೆಲ್ಲ ತಿಳಿಯುತ್ತದೆ. ಅವರ ಮಗಳ ಮದುವೆಯ ಮಾತು ಮುರಿಯಲು ಅಷ್ಟೇ ಸಾಕು. ಊರಿನ ಬದಲು ತಾಲ್ಲೂಕು, ವಯಸ್ಸಿನ ಬದಲು ಹತ್ತು ವರ್ಷದ ಗುಂಪು, ದಿನಾಂಕದ ಬದಲು ತಿಂಗಳು. ಅದೂ ನಿಮ್ಮ ವೈದ್ಯಾಧಿಕಾರಿಯ ಲಿಖಿತ ಒಪ್ಪಿಗೆ ಸಿಕ್ಕ ಮೇಲೆ.

ಪ್ರಶ್ನೆ: ನಮ್ಮ ಊರಿನ ಹಳೆಯ ಜನನ-ಮರಣ ವಹಿಯನ್ನು ಕನ್ನಡ ಅಂಕಿಗಳಲ್ಲೇ ಬೆರಳಚ್ಚು ಮಾಡಿದ್ದೇನೆ. ಮೊತ್ತ ಕೇಳಿದರೆ ವಿಚಿತ್ರವಾದ ಉದ್ದ ಸಂಖ್ಯೆ ಬರುತ್ತದೆ. ಎಲ್ಲವನ್ನೂ ಮತ್ತೆ ಬೆರಳಚ್ಚಿಸಬೇಕೇ? (ನಿವೃತ್ತ ಶಿಕ್ಷಕರು, ಕೊಪ್ಪ)

ಉತ್ತರ: ಬೇಡ ಮೇಷ್ಟ್ರೇ. ಪ್ಯಾಂಡಾಸ್ ನಿಮ್ಮ ಅಂಕಿಗಳನ್ನು ಅಕ್ಷರಗಳೆಂದು ಓದಿದೆ. ಆದ್ದರಿಂದ ೧೨ ಮತ್ತು ೩ ಕೂಡಿದರೆ ಹದಿನೈದರ ಬದಲು ೧೨೩ ಎಂದು ಒಂದರ ಪಕ್ಕ ಒಂದನ್ನು ಅಂಟಿಸಿದೆ. ಪೈಥಾನ್‌ನ ‘ಇಂಟ್’ಗೆ ಕನ್ನಡ ಅಂಕಿ ಗೊತ್ತು. ಆ ಕಾಲಮ್ಮಿನ ಮೇಲೆ ‘ಮ್ಯಾಪ್’ ಬಳಸಿ ‘ಇಂಟ್’ ಹಾಯಿಸಿ, ೧೨ ಹನ್ನೆರಡೇ ಆಗುತ್ತದೆ.

ಕೆಲವು ಕಡೆ ಅದು ತಕರಾರು ಮಾಡಿ ನಿಲ್ಲುತ್ತದೆ. ನೀವು ಕಳುಹಿಸಿದ ಪುಟದಲ್ಲಿ ಮೂರು ತಿಂಗಳಿಗೆ ಅಂಕಿಯ ಬದಲು ಅಡ್ಡಗೆರೆ ಇದೆ, ಎರಡು ತಿಂಗಳು ಪೂರ್ತಿ ಖಾಲಿ. ನಮ್ಮ ಕಚೇರಿಯಲ್ಲಿ ಅಡ್ಡಗೆರೆ ಎಂದರೆ ‘ಯಾರೂ ಸಾಯಲಿಲ್ಲ’ ಎಂದಿತ್ತು. ಬೇರೆಡೆ ಅದೇ ಗೆರೆಯನ್ನು ‘ಮಾಹಿತಿ ಬಂದಿಲ್ಲ’ ಎಂಬುದಕ್ಕೆ ಎಳೆಯುತ್ತಿದ್ದುದನ್ನೂ ಕಂಡಿದ್ದೇನೆ. ಆ ವಹಿ ಬರೆದ ಗುಮಾಸ್ತರು ಇನ್ನೂ ಊರಿನಲ್ಲಿದ್ದಾರೆ ಎಂದು ಬರೆದಿದ್ದೀರಿ. ಪ್ರೋಗ್ರಾಂ ಮುಂದುವರಿಸುವ ಮೊದಲು ವಹಿಯನ್ನು ಅವರ ಮನೆಗೆ ಒಯ್ದು, ಆ ಪುಟ ಬಿಚ್ಚಿ, ಗೆರೆಯ ಅರ್ಥ ಕೇಳಿ. ಅವರು ಹೇಳಿದ್ದನ್ನು ಪ್ರೋಗ್ರಾಂನ ಮೊದಲ ಸಾಲಿನಲ್ಲಿ ಹ್ಯಾಶ್ ಚಿಹ್ನೆ ಹಾಕಿ ಕನ್ನಡದಲ್ಲೇ ಬರೆದಿಡಿ.